ಹೊರೆಗಲ್ಲಿನ ಎತ್ತರ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಬಚ್ಚಲ ಹಂಡೆಯ ಕೆಳಗೆ ಸಿಲ್ವರ್ ಮರದ ಸೌದೆ ಇಟ್ಟು ಉರಿ ಮಾಡಿದೆ. ಅಂಗಳ ಗುಡಿಸಿ ನೀರು ಹಾಕಿದೆ. ರೊಟ್ಟಿಗೆ ಅಕ್ಕಿಹಿಟ್ಟು ಬೇಯಿಸಿ ನಾದಿಟ್ಟೆ, ಕಾಯಿ ತುರಿದೆ, ಚಟ್ನಿ ರುಬ್ಬಿದೆ. ತಾರಸಿಯ ಮೇಲೆ ಹರವಿದ್ದ ಕಾಳುಮೆಣಸಿನ ಮೇಲೆ ಇಬ್ಬನಿ ಬಿದ್ದಿತ್ತು. ಅದನ್ನು ಗೋಣಿಗೆ ಬಾಚಿ ಒಳಗಿಟ್ಟು, ಬಿಸಿಲು ಬಂದ ಮೇಲೆ ಮತ್ತೆ ಹರವಿದೆ. ಇವರಿಗೆ ಬುತ್ತಿ ಕಟ್ಟಿ ಅಂಗಡಿಗೆ ಕಳಿಸಿದೆ. ಆಮೇಲೆ ಗಿರಿಜತ್ತೆಯನ್ನು ಬಿಸಿಲಿಗೆ ಕೂರಿಸಿ ಮಂಡಿಗಳಿಗೆ ಎಣ್ಣೆ ತಿಕ್ಕಿದೆ. ಗಿರಿಜತ್ತೆ ನನ್ನ ಅಪ್ಪನ ಅಕ್ಕ. ಎಂಬತ್ತರ ಹತ್ತಿರದ ಜೀವ, ಈಗ ನಮ್ಮ ಜೊತೆಯಲ್ಲೇ ಇರುವುದು. ಎಣ್ಣೆ ತಿಕ್ಕಿಸಿಕೊಳ್ಳುತ್ತಲೇ ಅವರು, "ಅಟ್ಟದ ಮೇಲಿನ ಆ ಟ್ರಂಕ್ ಇಳ್ಸೇ ಶಾರದ. ಅದ್ರಲ್ಲಿ ನನ್ ಸಿಂಬೆ ಇರ್ಬೇಕು," ಎಂದರು.

"ಸಿಂಬೆ ಎಂಥಕ್ಕೆ ಅತ್ತೆ ಈಗ?"

"ಸಂಜೆ ಕಲ್ಲಿನ ಹತ್ರ ಹೋಗ್ತೀವಲ್ಲ. ಬರೀ ತಲೇಲಿ ಹೋಗೋದು ಹೆಂಗೆ?"

ಟ್ರಂಕ್ ಇಳಿಸಿದೆ. ಅಮ್ಮನ ಎರಡು ಸೀರೆ, ತಳ ಕಳಚಿದ ಹಿತ್ತಾಳೆ ದೀಪ, ಹಿಡಿ ಸಡಿಲವಾದ ಒಂದು ಕತ್ತಿ, ಅವುಗಳ ಕೆಳಗೆ ಸಿಂಬೆ. ತಲೆಯ ಮೇಲೆ ಹೊರೆ ಜಾರದೆ ಕೂರಲೆಂದು ಹಳೆಯ ಸೀರೆಯನ್ನು ಹುರಿಮಾಡಿ ಸುತ್ತಿ, ಬಳೆಯ ಹಾಗೆ ಹೊಲಿದಿಟ್ಟುಕೊಂಡ ಮೆತ್ತೆ. ಬಣ್ಣ ಯಾವುದಿತ್ತೋ, ಈಗ ಬಾಳೆಯ ಕರೆ ಹಿಡಿದು ಕಪ್ಪು ಕಂದು. ಮೂಗಿನ ಹತ್ತಿರ ತಂದೆ. ಕೊಬ್ಬರಿ ಎಣ್ಣೆ, ಒಲೆಯ ಹೊಗೆ, ಕೂದಲಿನ ಬೆವರು, ಹಸಿ ಬಾಳೆಎಲೆಯ ಒಗರು, ಎಲ್ಲ ಸೇರಿದ ಒಂದು ವಾಸನೆ. ಇಷ್ಟು ವರ್ಷವಾದ ಮೇಲೆ ಅಂಥ ವಾಸನೆ ಇರಲಿಕ್ಕೆ ಸಾಧ್ಯವೇ ಇಲ್ಲ ಎಂದು ರಾತ್ರಿ ಊಟದ ಹೊತ್ತಿಗೆ ಇವರು ಹೇಳಿದರು. ಇತ್ತು. ಕಾಫಿಹಣ್ಣಿನ ಸಿಪ್ಪೆ ಸುಲಿದ, ಹುಳಿ ಹಿಡಿದ ಹಾಗೆ ನಾರುವ ಪಲ್ಪರ್ ನೀರಿನ ವಾಸನೆ ಈಗ ಕೊಯ್ಲಿನ ಕಾಲದಲ್ಲಿ ಊರನ್ನೆಲ್ಲ ತುಂಬಿಕೊಂಡಿರುತ್ತದೆ. ಅದನ್ನೂ ಹಿಂದಕ್ಕೆ ತಳ್ಳಿ ಈ ವಾಸನೆ ಮುಂದೆ ಬಂತು. ಅದರ ಹಿಂದೆಯೇ ಮನೆ ಬಂತು, ಕಾನು ಬಂತು, ದಾರಿ ಬಂತು.

ನಾನು ಹುಟ್ಟಿ ಬೆಳೆದ ಮನೆ ಮೂಡಿಗೆರೆ ಪೇಟೆಗೆ ಹತ್ತಿರವೂ ಅಲ್ಲ, ದೂರವೂ ಅಲ್ಲ. ಪೇಟೆಯ ಕೊನೆಯ ಮನೆಗಳು ಮುಗಿದ ಕೂಡಲೇ ಕಾನು ಶುರುವಾಗುತ್ತಿತ್ತು. ಕಾನು ಎಂದರೆ ಹುಲಿ ಇರುವಂಥ ದೊಡ್ಡ ಕಾಡಲ್ಲ. ಪೇಟೆಯವರು ದನ ಬಿಡುತ್ತಿದ್ದ, ಮಕ್ಕಳು ಕವಳಿಹಣ್ಣಿಗೆ ನುಗ್ಗುತ್ತಿದ್ದ, ಹೆಂಗಸರು ಒಣಗಿದ ಕಡ್ಡಿ ಆರಿಸುತ್ತಿದ್ದ ಕತ್ತಲೆ ಕತ್ತಲೆಯ ಮರದ ಗುಂಪು. ಅದನ್ನು ದಾಟಿ ಇಳಿದರೆ ನಮ್ಮ ಮನೆ. ಒಂದಿಷ್ಟು ಕಾಫಿ, ಸುತ್ತ ಬಾಳೆ, ನಾಲ್ಕಾರು ಹಲಸು, ಕೊಟ್ಟಿಗೆಯಲ್ಲಿ ಎರಡು ಹಸು, ಕಾಫಿ ಒಣಗಿಸಲು ಸೆಗಣಿ ಸಾರಿಸಿದ ಕಣ. ಜೀಪು ಬರುವ ರಸ್ತೆ ಎಸ್ಟೇಟ್ ಸುತ್ತಿಕೊಂಡು ಬಹಳ ಬಳಸಿ ಬರುತ್ತಿತ್ತು. ನಮಗೆ ಇದ್ದದ್ದು ಕಾನಿನ ಒಳದಾರಿ. ನಿಮಗೂ ಇಂಥದೊಂದು ದಾರಿ ಇದ್ದೀತು. ಯಾರೂ ಮಾಡಿದ್ದಲ್ಲ, ಹೆಸರಿಲ್ಲ, ಬೋರ್ಡಿಲ್ಲ; ಕಾಲುಗಳು ತಿಕ್ಕಿ ತಿಕ್ಕಿ ನುಣುಪಾದ ಮಣ್ಣು, ಮೆಟ್ಟಿಲ ಹಾಗೆ ಅಡ್ಡ ಮಲಗಿದ ಬೇರು, ಎಲ್ಲಿ ಬಗ್ಗಬೇಕು ಎಲ್ಲಿ ಎಡಕ್ಕೆ ವಾಲಬೇಕು ಎಂಬುದು ತಲೆಗಲ್ಲ, ಮೈಗೆ ಗೊತ್ತಿರುವ ದಾರಿ. ಆ ದಾರಿಯಲ್ಲೇ ನಾನು ಸ್ಕೂಲಿಗೆ ಹೋದೆ. ಅಪ್ಪ ಬಿಸಿಲು ಇಳಿದ ಮೇಲೆ ಪೇಟೆಗೆ ಹೋಗಿ ಕಾಫಿ ರೇಟು ಕೇಳಿಕೊಂಡು ಬಂದರು. ಅಮ್ಮನಿಗೆ ದಮ್ಮು ಹೆಚ್ಚಾದಾಗ ಡಾಕ್ಟರು ಬಂದದ್ದೂ ಅದರಲ್ಲೇ, ಪ್ಯಾಂಟು ಮಡಚಿಕೊಂಡು, ಜಿಗಣೆಗೆ ಬೈಯುತ್ತಾ.

ದಾರಿಯ ನಿಜವಾದ ಒಡತಿ ಮಾತ್ರ ಗಿರಿಜತ್ತೆ. ಮದುವೆಯಾಗಿ ಬೇಗ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಬಂದವರು ಮೂಲೆಯಲ್ಲಿ ಕೂರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಬಾಳೆಎಲೆ ಕೊಡುವುದನ್ನು ಅವರೇ ಶುರು ಮಾಡಿದರು. ಬೆಳಗಿನ ಮಂಜಿನಲ್ಲಿ ಎಲೆ ಕೊಯ್ದು, ಕಟ್ಟು ಕಟ್ಟಿ, ಸಿಂಬೆಯ ಮೇಲೆ ಏರಿಸಿಕೊಂಡು ಹೊರಟರೆ ಹಿಂದೆ ಹಿಂದೆ ಚೀಲ ಹಿಡಿದು ನಾನು. ಹಲಸಿನ ಕಾಲಕ್ಕೆ ಎಲೆಯ ಜೊತೆಗೆ ಕಾಯಿ, ಬೇಸಿಗೆಯಲ್ಲಿ ಬಾಳೆಗೊನೆ. ವಾಪಸು ಬರುವಾಗ ಅದೇ ತಲೆಯ ಮೇಲೆ ಅಕ್ಕಿ, ಉಪ್ಪು, ಸೀಮೆಎಣ್ಣೆ ಡಬ್ಬ, ಒಣಮೀನು. ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ಬಾಗಿಲ ಅಗಳಿ ಹಾಕಿ, ಎಲ್ಲರೂ ಮಲಗಿದ ಮೇಲೆ ಮಲಗುತ್ತಿದ್ದವರು ಅವರು. ಬೆಳಿಗ್ಗೆ ಎದ್ದು ನೋಡಿದರೆ ಆಗಲೇ ಎದ್ದಿರುತ್ತಿದ್ದರು. ಅತ್ತೆ ಮಲಗಿದ್ದನ್ನು ನಾನು ಆ ಮನೆಯಲ್ಲಿ ಕಂಡಿದ್ದೇ ಇಲ್ಲ. ಚಿಕ್ಕವಳಾಗಿದ್ದಾಗ ಅವರಿಗೆ ನಿದ್ದೆಯೇ ಬರುವುದಿಲ್ಲವೆಂದು ತಿಳಿದಿದ್ದೆ.

ಮನೆಯಿಂದ ಪೇಟೆಗೆ ಹೋಗುವಾಗ ಒಂದು ಏರು ಸಿಗುತ್ತಿತ್ತು. ಏರು ಮುಗಿಯುವಲ್ಲಿ ಒಂದು ಧೂಪದ ಮರ, ಅದರ ಬುಡದಲ್ಲಿ ಹೊರೆಗಲ್ಲು. ಎರಡು ಕಲ್ಲುಕಂಬ ನೆಟ್ಟು ಅವುಗಳ ಮೇಲೆ ಒಂದು ಉದ್ದನೆಯ ಚಪ್ಪಡಿ ಅಡ್ಡ ಇಟ್ಟಿದ್ದರು. ಹೊರೆ ಹೊತ್ತು ಒಬ್ಬರೇ ಬರುವವರು ದಾರಿಯಲ್ಲಿ ಇಳಿಸಬೇಕೆಂದರೆ ಇನ್ನೊಬ್ಬರ ಕೈ ಬೇಕು. ಇಳಿಸಿದ ಮೇಲೆ ಏರಿಸಲು ಮತ್ತೂ ಬೇಕು. ಈ ಕಲ್ಲಿದ್ದರೆ ಯಾರೂ ಬೇಡ. ಅದರ ಮುಂದೆ ನಿಂತು ಮಂಡಿಯನ್ನು ಚೂರು ಮಡಿಸಿದರೆ ಸಾಕು, ಹೊರೆ ತಲೆಯಿಂದ ಕಲ್ಲಿಗೆ ಜಾರುತ್ತದೆ. ಹೊರಡುವಾಗ ಮತ್ತೆ ಹಾಗೇ ತಲೆ ಒಡ್ಡಿದರೆ ಬಂದು ಕೂರುತ್ತದೆ. ಬಸುರಿಯಾಗಿದ್ದಾಗಲೇ ಸತ್ತ ಯಾವಳೋ ಹೆಂಗಸಿನ ಹೆಸರಿನಲ್ಲಿ ನಿಲ್ಲಿಸಿದ ಕಲ್ಲು, ಅವಳು ಇಳಿಸದೆ ಹೋದ ಹೊರೆಯನ್ನು ಬೇರೆಯವರಾದರೂ ಇಳಿಸಲಿ ಅಂತ, ಎಂದು ಅಮ್ಮ ಹೇಳುತ್ತಿದ್ದಳು. ಅತ್ತೆಗೆ ಅಂಥ ಕತೆಗಳಲ್ಲಿ ಆಸಕ್ತಿಯಿರಲಿಲ್ಲ. "ಯಾರಾದ್ರೂ ನಿಲ್ಸಿರ್ಲಿ ಮಾರಾಯ್ತಿ, ನನ್ ಎತ್ರ ನೋಡೇ ನಿಲ್ಸಿದಾರೆ," ಎನ್ನುತ್ತಿದ್ದರು. ಅಮ್ಮ ಕುಳ್ಳಿ. ಅವಳು ಎಂದಾದರೂ ಹೊರೆ ಹೊತ್ತು ಬಂದರೆ ತುದಿಗಾಲಲ್ಲಿ ನಿಲ್ಲಬೇಕಾಗುತ್ತಿತ್ತು. ಆಗೆಲ್ಲ ಅತ್ತೆ, "ನಿಂಗೆ ಪಕ್ಕದಲ್ಲಿ ಇನ್ನೊಂದು ಮರಿಕಲ್ಲು ನಿಲ್ಲಿಸ್ಬೇಕಿತ್ತು ಕಣೆ," ಎಂದು ನಗುತ್ತಿದ್ದರು. ಅಮ್ಮ ಉಸಿರು ಎಳೆದುಕೊಳ್ಳುತ್ತಲೇ ನಗುತ್ತಿದ್ದಳು.

ಹೊರೆ ಹೊತ್ತವರು ತಿರುಗಿ ನೋಡುವುದಿಲ್ಲ. ಕತ್ತು ನೆಟ್ಟಗಿರಬೇಕು, ಕಣ್ಣು ಮುಂದಿರಬೇಕು. ದಾರಿಯುದ್ದಕ್ಕೂ ಅತ್ತೆ ನನ್ನ ಜೊತೆ ಮಾತಾಡುತ್ತಿದ್ದರು, ಆದರೆ ಆ ಮಾತೆಲ್ಲ ಮುಂದಿನ ಮರಗಳಿಗೆ ಹೇಳಿದ ಹಾಗಿರುತ್ತಿತ್ತು. ನನಗೆ ಕಾಣುತ್ತಿದ್ದದ್ದು ಅವರ ಬೆನ್ನು, ಎತ್ತಿದ ಕೈ, ತೋಳಿಗಿಳಿದ ಬೆವರು. ಕಲ್ಲಿನ ಹತ್ತಿರ ಹೊರೆ ಇಳಿಸಿ, ಸಿಂಬೆ ತೆಗೆದು ಕೊಡವಿ, ಕೂದಲು ಬಿಚ್ಚಿ ಮತ್ತೆ ಗಂಟು ಹಾಕಿಕೊಂಡು, ಆಮೇಲೆ ತಿರುಗಿ ನನ್ನ ಮುಖ ನೋಡುತ್ತಿದ್ದರು. "ಮುಖ ಎಂಥ ಬಾಡಿದೆ, ತಿಂಡಿ ತಿಂದಿಲ್ವನೇ?" "ಲಂಗದಲ್ಲಿ ಎಷ್ಟೊಂದು ಮುಳ್ಳು, ಬಾ ಇಲ್ಲಿ." ಮನೆಯಲ್ಲಿ ಅವರಿಗೆ ಪುರುಸೊತ್ತಿಲ್ಲ, ದಾರಿಯಲ್ಲಿ ಕತ್ತು ತಿರುಗುವುದಿಲ್ಲ. ನನ್ನನ್ನು ಅವರು ಸರಿಯಾಗಿ ನೋಡುತ್ತಿದ್ದದ್ದು ಆ ಧೂಪದ ಮರದ ಕೆಳಗೆ ಮಾತ್ರ. ಅಂಟಿನ ಪರಿಮಳ ಮೂಗಿಗೆ ಬಡಿಯುತ್ತಿತ್ತು. ಹಿಂದೆ ತಿರುಗಿದರೆ ಮರಗಳ ಸಂದಿಯಲ್ಲಿ ನಮ್ಮ ಹಂಚಿನ ಮಾಡಿನಿಂದ ಏಳುವ ಹೊಗೆ, ಮುಂದೆ ಕಿವಿಗೊಟ್ಟರೆ ಪೇಟೆಯ ಬಸ್ಸಿನ ಹಾರನ್ನು. ಒಮ್ಮೆ ನಾನು ಆ ಚಪ್ಪಡಿಯ ಮೇಲೆ ಹತ್ತಿ ಕಾಲು ಇಳಿಬಿಟ್ಟು ಕೂತಿದ್ದೆ. ಅತ್ತೆ ಮೀನಖಂಡಕ್ಕೆ ಸರಿಯಾಗಿ ಒಂದು ಬಿಟ್ಟರು. ಅಕ್ಕಿ, ಉಪ್ಪು ಇಳಿಸುವ ಕಲ್ಲಿನ ಮೇಲೆ ಕೂರಬಾರದು.

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಕಾಡಿನ ಗಡಿ ಅಳೆಯಲು ಜನ ಬಂದರು. ಸರಪಳಿ ಎಳೆದರು, ಕಲ್ಲು ನೆಟ್ಟರು, ಅಮ್ಮ ಕೊಟ್ಟ ಕಾಫಿ ಕುಡಿದರು. ಅಳತೆ ಮುಗಿದಾಗ ನಮ್ಮ ಮನೆ ಕಾಡಿನ ಗಡಿಯೊಳಗೆ ಬಿದ್ದಿತ್ತು. ಮನೆಯೇನೂ ಜರುಗಿರಲಿಲ್ಲ, ಗೆರೆ ಜರುಗಿತ್ತು. ಅಪ್ಪ ಸ್ವಲ್ಪ ದಿನ ಓಡಾಡಿದರು. ಅವರದು ಜಗಳವಾಡುವ ಜೀವವಲ್ಲ. ಯಾರಾದರೂ ಎರಡು ಸಲ ಇಲ್ಲ ಎಂದರೆ ಮೂರನೆಯ ಸಲ ಕೇಳಲು ನಾಚುತ್ತಿದ್ದರು. ಕೊನೆಗೆ ಪೇಟೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ಸಾಮಾನೆಲ್ಲ ಜೀಪಿನಲ್ಲಿ ಬಳಸುದಾರಿಯಲ್ಲಿ ಹೋಯಿತು. ಅತ್ತೆ ಮಾತ್ರ ಜೀಪು ಹತ್ತಲಿಲ್ಲ. ರುಬ್ಬುವ ಗುಂಡನ್ನು ಗೋಣಿಯಲ್ಲಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು ಒಳದಾರಿಯಲ್ಲೇ ಹೊರಟರು, ನಾನು ಹಿಂದೆ. ಕಲ್ಲಿನ ಹತ್ತಿರ ಇಳಿಸಿದರು. ಕೂದಲು ಗಂಟು ಹಾಕಿಕೊಂಡರು. ನನ್ನ ಮುಖ ನೋಡಿ, "ಅಳ್ಬೇಡ, ಕಲ್ಲು ಇಲ್ಲೇ ಇರ್ತದಲ್ಲ," ಎಂದರು. ಆಮೇಲೆ ದಾರಿಗೆ ತಂತಿಬೇಲಿ ಬಂತು. ಮನೆಯ ಹಂಚು ಇಳಿಸಿದರು, ಗೋಡೆ ಮಳೆಗೆ ಕರಗಿತು, ಕಣದಲ್ಲಿ ಅಕೇಶಿಯಾ ನೆಟ್ಟರು ಎಂದು ಅವರಿವರಿಂದ ಕೇಳಿದೆವು. ಅಪ್ಪ ಹೋದರು, ಅಮ್ಮ ಹೋದಳು. ನನಗೆ ಇದೇ ಪೇಟೆಯಲ್ಲಿ ಮದುವೆಯಾಗಿ, ಅಮ್ಮನ ನಂತರ ಅತ್ತೆ ನನ್ನ ಮನೆಗೆ ಬಂದರು. ಇಷ್ಟು ಹತ್ತಿರವಿದ್ದೂ ಕಲ್ಲಿನ ಹತ್ತಿರ ಹೋಗಲು ದಾರಿಯಿರಲಿಲ್ಲ.

ಹೋದ ವರ್ಷ ಬೇಲಿಯ ಜಾಗದಲ್ಲಿ ಕಮಾನು ಎದ್ದಿತು. ನಡಿಗೆಪಥವಂತೆ. ಕಾನನ್ನೂ ಪೇಟೆಯನ್ನೂ ಜೋಡಿಸುವ ದಾರಿಯಂತೆ. ಬಸ್ ಸ್ಟ್ಯಾಂಡಿನ ಕಡೆಯಿಂದ ತಿರುಗುವಲ್ಲಿ ಹಸಿರು ಬಣ್ಣದ ದೊಡ್ಡ ಬೋರ್ಡು: 'ಹಿರಿಯರಿಗೂ ಮಕ್ಕಳಿಗೂ ಸುಲಭವಾದ ದಾರಿ'. ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗ ಅತ್ತೆ ಅದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದರು. "ಸುಲಭವಾದ ದಾರಿ ಅಂತೆ. ಆಗ ಕಷ್ಟದ್ದಾಗಿತ್ತಾ?" ಎಂದರು. ಬೋರ್ಡು ಹಿಂದಾದ ಮೇಲೆ, "ಕಾಲು ಪೂರ್ತಿ ನಿಲ್ಲೋಕೆ ಮುಂಚೆ ಒಂದ್ಸಲ ಕಲ್ಲಿನ ಹತ್ರ ಕರ್ಕಂಡು ಹೋಗೇ," ಎಂದರು. ಅತ್ತೆ ನನ್ನಿಂದ ಏನನ್ನೂ ಕೇಳಿದವರಲ್ಲ. ಹಸಿವಾದರೂ ಹೇಳುವುದಿಲ್ಲ, ನಾನೇ ಗಡಿಯಾರ ನೋಡಿ ಬಡಿಸಬೇಕು. ಆ ಒಂದು ಮಾತನ್ನು ನಡೆಸಿಕೊಡುವುದರಲ್ಲಿ ನನಗೆ ಸಾಕುಸಾಕಾಯಿತು.

ಮೊದಲ ಸಲ ಅಡಿಗೆ ಮುಗಿಸಿ, ಅತ್ತೆಗೆ ಒಳ್ಳೆಯ ಸೀರೆ ಉಡಿಸಿ ಕರೆದುಕೊಂಡು ಹೋದರೆ ಗೇಟಿಗೆ ಬೀಗ. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾತ್ರ ತೆಗೆಯುವುದಂತೆ. ದಾರಿಗೆ ಬೀಗ ಹಾಕುವುದನ್ನು ನಾನು ಮೊದಲ ಸಲ ನೋಡಿದೆ. ಎರಡನೆಯ ಸಲ ಬೆಳಿಗ್ಗೆಯೇ ಹೋದೆವು. ಯಾರೋ ದೊಡ್ಡವರು ಗಿಡ ನೆಡಲು ಬರುವವರಿದ್ದರು, ಅವರು ಬಂದು ಹೋಗುವವರೆಗೆ ಬಿಡುವುದಿಲ್ಲ ಎಂದರು. ಅತ್ತೆ ಕೋಲೂರಿ ಕಾದರು. ದೊಡ್ಡವರು ಬಂದರು, ನೆಟ್ಟರು, ಫೋಟೋ ಆಯಿತು. ಅಷ್ಟರಲ್ಲಿ ಗೇಟು ಹಾಕುವ ಹೊತ್ತೂ ಆಯಿತು. ಆಮೇಲೆ ಮಳೆ ಹಿಡಿಯಿತು, ಟೈಲ್ಸ್ ಮೇಲೆ ಪಾಚಿ ಬೆಳೆದು ಯಾರೋ ಬಿದ್ದರೆಂದು ಮಳೆಗಾಲ ಮುಗಿಯುವವರೆಗೆ ಮುಚ್ಚಿದರು. ಮಣ್ಣಿನ ದಾರಿಯಲ್ಲಿ ಅತ್ತೆ ಜಡಿಮಳೆಯಲ್ಲೂ ಹೊರೆ ಹೊತ್ತು ಬರಿಗಾಲಲ್ಲಿ ನಡೆದಿದ್ದರು, ಒಮ್ಮೆಯೂ ಬಿದ್ದಿರಲಿಲ್ಲ. ಇದನ್ನು ನಾನು ಯಾರಿಗೆ ಹೇಳಲಿ? ಮನೆಯಲ್ಲಿ ಇವರಿಗೆ ಹೇಳಿದರೆ, "ನೀನೊಬ್ಳು, ಹೋಗ್ಲಿ ಬಿಡು, ಮುಂದಿನ ವಾರ ಹೋದ್ರಾಯ್ತು," ಎನ್ನುತ್ತಾರೆ. ವಾರಗಳು ನನಗಿವೆ. ಅತ್ತೆಯ ಮಂಡಿಗೆ ಇವೆಯೇ?

ಇವತ್ತು ಸಂಜೆ ಎಲ್ಲ ಕೂಡಿಬಂತು. ಹೆಗಲಿಗೆ ಬ್ಯಾಗು ಹಾಕಿಕೊಂಡೆ. ನೀರಿನ ಬಾಟಲಿ, ರೊಟ್ಟಿ, ಚಟ್ನಿ ಡಬ್ಬ, ಅತ್ತೆಯ ಮಾತ್ರೆ, ಶಾಲು, ಕೊಡೆ. ಸಿಂಬೆಯನ್ನು ಅತ್ತೆ ತಾವೇ ಸೆರಗಿನಲ್ಲಿ ಸುತ್ತಿಕೊಂಡರು. ಗೇಟಿನ ವಾಚ್‌ಮನ್ ಲೋಕೇಶ ಎಂಬವನು. ಅತ್ತೆ ಅವನ ಊರು ವಿಚಾರಿಸಿದರು. "ಕಳಸದ ಕಡೆ ಅಜ್ಜಿ," ಎಂದ. "ಹಂಗಾದ್ರೆ ನಿಂಗೆ ಕಾಡು ಗೊತ್ತು, ಬೀಗ ಹಾಕೋ ಕೆಲ್ಸ ಎಂಥಕ್ಕೆ ಹಿಡ್ದೆ?" ಎಂದರು. ಅವನು ನಗುತ್ತಾ, "ಹೊಟ್ಟೆಗೆ ಅಜ್ಜಿ," ಎಂದು ಗೇಟು ಅಗಲಿಸಿ ಹಿಡಿದ.

ಒಳಗೆ ಕೆಂಪು ಬೂದಿ ಬಣ್ಣದ ಟೈಲ್ಸು. ಅಲ್ಲಲ್ಲಿ ಪೆಂಗ್ವಿನ್ ಆಕಾರದ ಕಸದ ಡಬ್ಬ, ಬಾಯಿ ತೆರೆದುಕೊಂಡು ನಿಂತಿತ್ತು. "ಇದ್ಯಾವ ಹಕ್ಕಿನೇ? ನಮ್ ಕಾನಲ್ಲಿ ಇರ್ಲಿಲ್ಲ," ಎಂದರು ಅತ್ತೆ. ನಮ್ಮ ಹಳೆಯ ದಾರಿ ನೆಟ್ಟಗೆ ಹೋಗುತ್ತಿತ್ತು, ಏರು ಕಡಿದಾಗಿದ್ದಲ್ಲಿ ಮಾತ್ರ ಓರೆ. ಇದು ಹಾಗಲ್ಲ. ಏರು ಗೊತ್ತಾಗಬಾರದೆಂದು, ನಡಿಗೆ ಉದ್ದವಾಗಬೇಕೆಂದು, ಬೇಕೆಂದೇ ಸುತ್ತಿಸಿ ಸುತ್ತಿಸಿ ಮಾಡಿದ್ದಾರೆ. ಎಡಕ್ಕೆ ಹೋಗಿ ಬಲಕ್ಕೆ ಬಂದರೆ ಮತ್ತೆ ಮೊದಲಿನ ಪೆಂಗ್ವಿನ್ನಿನ ಬೆನ್ನು ಕಾಣುತ್ತದೆ. ಟೀಶರ್ಟಿನವರು, ಕಿವಿಯಲ್ಲಿ ವೈರಿನವರು ನಮ್ಮನ್ನು ದಾಟಿ ಹೋದರು. ಸ್ವಲ್ಪ ಹೊತ್ತಿಗೆ ಅವರೇ ಎದುರಿಗೆ ಬಂದರು. ಮತ್ತೆ ದಾಟಿ ಹೋದರು.

"ಎಲ್ಲಿಗೆ ಹೋಗ್ತಾರೆ ಇವ್ರೆಲ್ಲ?" ಎಂದು ಅತ್ತೆ ಕೇಳಿದರು.

"ಎಲ್ಲಿಗೂ ಇಲ್ಲ ಅತ್ತೆ. ಹೋಗಿ ವಾಪಸ್ ಬರ್ತಾರೆ."

"ಕೈಯಲ್ಲೂ ಎಂಥದೂ ಇಲ್ವಲ್ಲ?"

"ಇಲ್ಲ."

"ಪುಣ್ಯವಂತ್ರು," ಎಂದರು. ಅದು ಹಾಸ್ಯವೋ ನಿಜವೋ ಗೊತ್ತಾಗಲಿಲ್ಲ. ಅಷ್ಟು ಹೊತ್ತಿಗೆ ಅವರ ಉಸಿರು ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ಹಳೆಯ ದಾರಿಯಾಗಿದ್ದರೆ ಆಗಲೇ ತಲುಪಿರುತ್ತಿದ್ದೆವು. ವಾಪಸು ಹೋಗೋಣವೇ ಎಂದೆ. ಬೇಡವೆಂದು ತಲೆಯಾಡಿಸಿದರು. ಕೊಟ್ಟಿಗೆಹಾರದ ಕಡೆಯಿಂದ ಮಂಜು ಮೆಲ್ಲಗೆ ಏರತೊಡಗಿತ್ತು. ಒಂದು ಕಡೆ ಟೈಲ್ಸಿನ ಪಕ್ಕದಲ್ಲಿ ಹಳೆಯ ಒಳದಾರಿಯ ಒಂದು ತುಂಡು ಹಾಗೇ ಉಳಿದಿತ್ತು, ಅಡ್ಡ ಬೇರಿನ ಸಮೇತ, ಯಾರೂ ತುಳಿಯದೆ ಅದರ ಮೇಲೆ ಹುಲ್ಲು ಬಂದಿತ್ತು. ಅತ್ತೆ ನಿಂತು ಅದನ್ನು ಕೋಲಿನ ತುದಿಯಿಂದ ಮುಟ್ಟಿದರು.

ಮುಂದಿನ ತಿರುವಿನಲ್ಲಿ ಧೂಪದ ಮರ ಕಂಡಿತು. "ಬಂತು," ಎಂದು ಅತ್ತೆ ಕೋಲನ್ನು ಬೇಗ ಬೇಗ ಊರತೊಡಗಿದರು. ನಾನು ಕಲ್ಲನ್ನು ಹುಡುಕಿದೆ. ಕಾಣಲಿಲ್ಲ. ನನ್ನ ಕಣ್ಣು ಅದನ್ನು ಎತ್ತರದಲ್ಲಿ ಹುಡುಕುತ್ತಿತ್ತು. ಅದು ಕೆಳಗಿತ್ತು. ಕಂಬಗಳನ್ನು ಆಳಕ್ಕೆ ಹೂತು, ಸುತ್ತ ಸಿಮೆಂಟು ಹಾಕಿ, ಚಪ್ಪಡಿಯನ್ನು ಮಂಡಿಯ ಎತ್ತರಕ್ಕೆ ತಂದು ಬೆಂಚು ಮಾಡಿದ್ದರು. ಅಂಚಿಗೆ ಹಳದಿ ಬಣ್ಣ. ಮೇಲೆ ಅದೇ ಹಳದಿಯಲ್ಲಿ 'ಇಲ್ಲಿ ವಿಶ್ರಮಿಸಿ'. ತಪ್ಪು ಎನ್ನುವ ಹಾಗೂ ಇಲ್ಲ. ವಿಶ್ರಾಂತಿಗೇ ನಿಲ್ಲಿಸಿದ ಕಲ್ಲು ಅದು. ಯಾರ ವಿಶ್ರಾಂತಿ, ಹೇಗೆ ಎಂಬುದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅದರ ಮೇಲೆ ಕೂತು ಶೂ ಲೇಸ್ ಕಟ್ಟುತ್ತಿದ್ದ ಹುಡುಗಿ ಅತ್ತೆಯ ಉಸಿರು ಕೇಳಿ ಎದ್ದಳು. "ಬನ್ನಿ ಅಜ್ಜಿ, ಕೂತ್ಕೊಳಿ."

"ಬೇಡ ಕಣಮ್ಮ. ಇದ್ರ ಮೇಲೆ ಕೂರಬಾರ್ದು."

"ಯಾಕಜ್ಜಿ, ದೇವ್ರಾ?"

"ದೇವ್ರಲ್ಲ. ಅಕ್ಕಿ, ಉಪ್ಪು ಇಡೋ ಕಲ್ಲು. ನಿಮ್ಮನೇಲಿ ಅಡಿಗೆಕಟ್ಟೆ ಮೇಲೆ ಕೂರ್ತೀಯಾ?"

"ಒಂದೊಂದ್ಸಲ ಕೂರ್ತೀನಿ ಅಜ್ಜಿ," ಎಂದಳು ಹುಡುಗಿ. ಅತ್ತೆಗೂ ನಗು ಬಂತು. ಹುಡುಗಿ ಕೈಬೀಸಿ ಓಡಿಹೋದಳು. ನನಗೆ ಮಾತ್ರ ನಗಲು ಆಗಲಿಲ್ಲ. ಅತ್ತೆಯ ಮಂಡಿಗಳು ಸೀರೆಯೊಳಗೆ ನಡುಗುವುದು ಕಾಣುತ್ತಿತ್ತು. ಕೂರಲು ಬೇರೆ ಜಾಗವಿಲ್ಲ; ಧೂಪದ ಮರದ ಬುಡಕ್ಕೆ ಸುತ್ತ ಕಬ್ಬಿಣದ ಜಾಲರಿ ಹಾಕಿದ್ದರು, ನೆಲದ ಮೇಲೆ ಕೂತರೆ ಅವರನ್ನು ಏಳಿಸಲು ನನ್ನೊಬ್ಬಳಿಂದ ಆಗುವುದಿಲ್ಲ.

"ಅತ್ತೆ, ಇದು ಈಗ ಬೆಂಚೇ. ದಮ್ಮಯ್ಯ, ಕೂತ್ಕೊಳಿ. ನೀವು ಬಿದ್ರೆ ನಾನೇನ್ ಮಾಡ್ಲಿ?"

"ಇದ್ರ ಮೇಲೆ ಹತ್ತಿದ್ದಕ್ಕೆ ನಿನ್ ಕಾಲಿಗೆ ಬಾರಿಸಿದ್ದೆ. ಈಗ ನಾನೇ ಕೂತ್ರೆ ಆ ಹೊಡೆತಕ್ಕೆ ಎಂಥ ಬೆಲೆ ಬಂತು?"

ಸಿಟ್ಟು ಬಂತು. ಒಂದು ವರ್ಷ ಗೇಟಿನ ಮುಂದೆ ಕಾದದ್ದು, ಟೈಲ್ಸಿನ ಸುತ್ತು, ಹಳದಿ ಬಣ್ಣ, ಕೂರದ ಈ ಹಟ, ಎಲ್ಲದರ ಮೇಲೂ. ಹೊಡೆತವಂತೆ, ಬೆಲೆಯಂತೆ. ನಾನು ಬೇರೆ ಕಡೆ ಮುಖ ಮಾಡಿ ನಿಂತೆ. ಏರಿನಾಚೆ, ನಮ್ಮ ಮನೆಯ ಕಡೆ ಇಳಿಯುವ ಜಾಗದಲ್ಲಿ 'ಮುಂದೆ ಪ್ರವೇಶವಿಲ್ಲ' ಎಂಬ ಬೋರ್ಡು. ದಾರಿ ಅಲ್ಲಿಂದಲೇ ತಿರುಗಿ ಪೇಟೆಗೆ ವಾಪಸು. ಮರಗಳ ಸಂದಿಯಲ್ಲಿ ಮಂಜು ಬಿಟ್ಟರೆ ಬೇರೇನೂ ಕಾಣಲಿಲ್ಲ. ಹೊಗೆಯಂತೂ ಇಲ್ಲ.

ಹಿಂದಿನಿಂದ ಅತ್ತೆ, "ಹೊರೆ ಇಳ್ಸು," ಎಂದರು.

ತಿರುಗಿದೆ. ಸೆರಗು ಬಿಚ್ಚಿ ಸಿಂಬೆಯನ್ನು ತೆಗೆದು ಚಪ್ಪಡಿಯ ನಡುವೆ ಇಟ್ಟಿದ್ದರು, ಅಕ್ಷರಗಳ ಮೇಲೆ. "ಆಗಿಂದ ಹೊತ್ತಿದೀಯ. ಇಳ್ಸು."

ಬ್ಯಾಗನ್ನು ಹೆಗಲಿನಿಂದ ತೆಗೆದು, ಬಗ್ಗಿ, ಸಿಂಬೆಯ ಮೇಲೆ ಇಟ್ಟೆ. ಹೆಗಲಿನಲ್ಲಿ ಪಟ್ಟಿ ಕೂತ ಜಾಗ ಉರಿಯುತ್ತಿತ್ತು. ಅದು ಅಷ್ಟು ಭಾರವಿತ್ತೆಂದು ಇಳಿಸಿದ ಮೇಲೇ ಗೊತ್ತಾದದ್ದು. ಅತ್ತೆ ಕೋಲನ್ನು ಕಲ್ಲಿಗೆ ಒರಗಿಸಿ, ತಮ್ಮೆರಡೂ ಕೈಗಳನ್ನು ನನ್ನ ಹೆಗಲ ಮೇಲೆ ಊರಿ ನಿಂತರು. ಹಾಗೆ ನಿಂತು ನನ್ನ ಮುಖ ನೋಡಿದರು. ದಿನವೂ ಒಂದೇ ಮನೆಯಲ್ಲಿರುವವರು ನಾವು. ನಾನು ಒಲೆ, ಬಚ್ಚಲು, ತಾರಸಿ ಎಂದು ಓಡಾಡುವಾಗ ಅವರಿಗೆ ಕಾಣುವುದು ನನ್ನ ಬೆನ್ನು.

"ನಿನ್ ಕೂದ್ಲು ಯಾವಾಗ್ಲೇ ಇಷ್ಟು ಬೆಳ್ಳಗಾಗಿದ್ದು?" ಎಂದರು.

"ತುಂಬಾ ದಿನ ಆಯ್ತು ಅತ್ತೆ."

"ಹೇಳೇ ಇಲ್ಲ ನೀನು." ಆಮೇಲೆ ಕಲ್ಲಿನ ಕಡೆ ಗದ್ದ ಚಾಚಿ, "ನಿಮ್ಮಮ್ಮಂಗೆ ಈಗ ಎತ್ರ ಸರಿಯಾಯ್ತು ನೋಡು," ಎಂದರು. ಉಸಿರು ಸೀಟಿ ಹೊಡೆಯುವುದು ನಿಲ್ಲುವವರೆಗೆ ಹಾಗೇ ನಿಂತಿದ್ದೆವು. ಧೂಪದ ಅಂಟಿನ ವಾಸನೆ ಇತ್ತು. ಅದಕ್ಕೆ ಯಾರೂ ಬಣ್ಣ ಹೊಡೆದಿರಲಿಲ್ಲ.

ಗೇಟು ಹಾಕುವ ಹೊತ್ತಾಯಿತೆಂದು ಲೋಕೇಶ ಸೀಟಿ ಊದಿದ. ಎಲ್ಲರೂ ಅವಸರದಲ್ಲಿ ನಡೆದರು, ನಾವೂ ಹೊರಟೆವು. ಇಳಿಯುವಾಗ ಅತ್ತೆಯ ಅರ್ಧ ಭಾರ ನನ್ನ ಮೇಲಿತ್ತು. ಗೇಟಿನಲ್ಲಿ ನಾನು ಲೋಕೇಶನಿಗೆ, ಆ ಕಲ್ಲನ್ನು ಮೊದಲಿನ ಎತ್ತರಕ್ಕೆ ನಿಲ್ಲಿಸಲು ಯಾರನ್ನು ಕೇಳಬೇಕು ಎಂದೆ. "ಬರ್ದು ಕೊಡಿ ಮೇಡಂ, ಕಳಿಸ್ತೀನಿ. ಆದ್ರೆ ಎತ್ರ ಆದ್ರೆ ಕೂರೋದು ಹೆಂಗೆ?" ಎಂದ. ಅದು ಕೂರುವುದಲ್ಲ, ಹೊರೆಗಲ್ಲು ಎಂದೆ. ಅವನು ಮರ್ಯಾದೆಯಿಂದಲೇ, "ಈಗ ಹೊರೆ ಯಾರು ಹೊರ್ತಾರೆ ಮೇಡಂ?" ಎಂದ. ಅಪ್ಪನ ಮಗಳು ನಾನು. ಎರಡನೆಯ ಸಲ ಕೇಳಲು ನಾಚಿಕೆಯಾಯಿತು. ನಾಳೆ ಬರೆದುಕೊಡುತ್ತೇನೆ.

ಮನೆಗೆ ಬಂದು ಬ್ಯಾಗು ಬಿಚ್ಚಿದರೆ ಸಿಂಬೆ ಇಲ್ಲ. ಬ್ಯಾಗೆತ್ತಿಕೊಳ್ಳುವ ಗಡಿಬಿಡಿಯಲ್ಲಿ ಕಲ್ಲಿನ ಮೇಲೇ ಬಿಟ್ಟು ಬಂದೆವಲ್ಲ ಅತ್ತೆ ಎಂದೆ.

"ನೀನು ಮರ್ತೆ. ನಾನು ಮರ್ತಿಲ್ಲ," ಎಂದರು, ಕಾಲು ನೀವಿಕೊಳ್ಳುತ್ತಾ. "ನಾಳೆ ಕೂರೋಕೆ ಬಂದೋರು ಇದೆಂಥದು ಅಂತ ಒಂದ್ಸಲ ಕೇಳ್ಲಿ."

ಯಾರೂ ಕೇಳುವುದಿಲ್ಲ ಎಂದು ನನಗೆ ಗೊತ್ತು. ಬೆಳಿಗ್ಗೆ ಗುಡಿಸಲು ಬರುವವರು ಅದನ್ನು ಎತ್ತಿ ಪೆಂಗ್ವಿನ್ ಬಾಯಿಗೆ ಹಾಕುತ್ತಾರೆ. ಕೈ ತೊಳೆಯುವ ಮುಂಚೆ ಒಮ್ಮೆ ಬೆರಳು ಮೂಸಿದೆ.

ರಾತ್ರಿ ಗಂಜಿ ಮಾಡಿದೆ. ಬ್ಯಾಗಿನಲ್ಲಿ ಹಾಗೇ ವಾಪಸು ಬಂದಿದ್ದ ರೊಟ್ಟಿಯನ್ನು ಕಾವಲಿಯ ಮೇಲೆ ಬಿಸಿ ಮಾಡಿದೆ, ಒಣಮೀನು ಸುಟ್ಟೆ, ಮಿಡಿ ಉಪ್ಪಿನಕಾಯಿ ಇತ್ತು. ಅತ್ತೆ ಎರಡು ಸಲ ಗಂಜಿ ಹಾಕಿಸಿಕೊಂಡರು. ಇವರು ಇನ್ನೂ ತಟ್ಟೆಯ ಮುಂದೆ ಕೂತಿದ್ದರು, ಒಲೆ ಆರಿರಲಿಲ್ಲ, ಬಾಗಿಲ ಅಗಳಿ ಹಾಕಿರಲಿಲ್ಲ. ಮಾತ್ರೆ ಕೊಡಲು ಹೋಗಿ ನೋಡಿದರೆ ಅತ್ತೆ ಗೋಡೆಯ ಕಡೆ ಮಗ್ಗುಲಾಗಿ ನಿದ್ದೆ ಹೋಗಿದ್ದರು. ನಮ್ಮ ಮನೆಯಲ್ಲಿ ಇವತ್ತು ಮೊದಲು ಮಲಗಿದವರು ಗಿರಿಜತ್ತೆ.